ಶುರುವಲ್ಲೇ ಸೋಲಿನ ಮೇಲೆ ಸೋಲು: ಬಿಎಫ್‌ಸಿ ಅಭಿಮಾನಿಗಳು ಹೇಗೆ ತಡೆದುಕೊಳ್ಳುತ್ತೀರಿ?

ಪ್ರಶ್ನೆ (ಬೆಂಗಳೂರಿನಿಂದ, ಡಿಸೆಂಬರ್ 2023)

ಮೊನ್ನೆ ಶುಕ್ರವಾರ ಕಂಠೀರವ ಸ್ಟೇಡಿಯಂನಲ್ಲಿ ನಮ್ಮ ಕಣ್ಣೆದುರೇ ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಮೇಲೆ ಮುಂಬೈ ಸಿಟಿ 4-0 ಗೆದ್ದುಕೊಂಡು ಹೋಯಿತು. ಮರುದಿನ ಕೋಚ್ ಸೈಮನ್ ಗ್ರೇಸನ್ ಕೂಡ ಹೊರನಡೆದರು. ಈ ಸೀಸನ್‌ನಲ್ಲಿ ಇದುವರೆಗೆ ಗೆದ್ದಿರುವುದು ಒಂದೇ ಪಂದ್ಯ, ಅಕ್ಟೋಬರ್‌ನಲ್ಲಿ ಈಸ್ಟ್ ಬೆಂಗಾಲ್ ಮೇಲೆ 2-1. ಸೋತ ರಾತ್ರಿ ನನಗೆ ನಿದ್ದೆ ಬರುವುದಿಲ್ಲ, ಮನೆಯಲ್ಲಿ ಯಾರು ಮಾತಾಡಿಸಿದರೂ ಸಿಡಿಮಿಡಿ. ಕ್ಲಾಸಲ್ಲಿ ಚುಡಾಯಿಸುತ್ತಾರೆ ಅಂತ ಮಗಳು ನೀಲಿ ಜೆರ್ಸಿ ಹಾಕುವುದನ್ನೇ ಬಿಟ್ಟಿದ್ದಾಳೆ. ಸ್ವಲ್ಪ ದಿನ ಸ್ಟೇಡಿಯಂ ಕಡೆ ಹೋಗದೇ ಇರೋಣ ಅನಿಸುತ್ತಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಜಯನಗರದಿಂದ

ನಿಮ್ಮ ಸಂಕಟ ನನ್ನದೂ ಹೌದು ಸರ್. ಶುಕ್ರವಾರ ನಾನೂ ಅಲ್ಲೇ ಇದ್ದೆ. ಆದರೆ ದೂರ ಇರುವ ಮಾತು ಬೇಡ. ಕಳೆದ ಸೀಸನ್ ನೆನಪು ಮಾಡಿಕೊಳ್ಳಿ.

2022ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಇದೇ ಮುಂಬೈ ಮೇಲೆ ಡ್ಯುರಾಂಡ್ ಕಪ್ ಗೆದ್ದು ಬಂದೆವು. ರಾಯ್ ಕೃಷ್ಣ, ಹಾವಿ ಹೆರ್ನಾಂಡೆಸ್ ಬೇರೆ ಬಂದಿದ್ದರು. ಈ ಸಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಮ್ಮದೇ ಅಂತ ಎಲ್ಲರೂ ಅಂದುಕೊಂಡಿದ್ದೆವು. ಆಮೇಲೆ ಏನಾಯಿತು? ಹೈದರಾಬಾದ್ ಎದುರು 0-1. ಒಡಿಶಾ ಎದುರು 0-1. ಈಸ್ಟ್ ಬೆಂಗಾಲ್ ಎದುರು ಮತ್ತೆ 0-1. ಮುಂಬೈಗೆ ಹೋದಾಗ 0-4, ಈಗ ಆದಷ್ಟೇ. ಆಗಲೂ ಕೋಚ್ ಬೇಡ, ನಮ್ಮ ಸ್ಟಾರ್ ಆಟಗಾರ ಸುನಿಲ್ ಛೆಟ್ರಿಗೆ ವಯಸ್ಸಾಯಿತು ಅಂತ ಎಲ್ಲ ಕಡೆ ಕೂಗು.

ಜನವರಿ ಹೊತ್ತಿಗೆ ತಂಡ ದಾರಿಗೆ ಬಂತು. ಮುಂದಿನ ಸಾಲಿನಲ್ಲಿ ಶಿವಶಕ್ತಿ ಅನ್ನೋ ಹುಡುಗ ಓಡಲು ಶುರು ಮಾಡಿದ. ಛೆಟ್ರಿ ಎಷ್ಟೋ ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದರು, ಒಂದು ಮಾತೂ ಆಡಲಿಲ್ಲ. ಲೀಗಿನ ಕೊನೆಯ 8 ಪಂದ್ಯವನ್ನೂ ಗೆದ್ದೆವು. ಅಲ್ಲಿಯವರೆಗೆ ಲೀಗಿನಲ್ಲಿ ಸೋಲೇ ಕಾಣದ ಮುಂಬೈಯನ್ನು ಕಂಠೀರವದಲ್ಲೇ 2-1ರಿಂದ ಮಣಿಸಿದೆವು. ನಾಲ್ಕನೇ ಸ್ಥಾನಕ್ಕೆ ಬಂದು, ಕೇರಳ ಬ್ಲಾಸ್ಟರ್ಸ್ ಜೊತೆ ಛೆಟ್ರಿ ಫ್ರೀಕಿಕ್‌ನಿಂದ ಗೆದ್ದ ಆ ಪ್ಲೇಆಫ್ (ಲೀಗ್ ಮುಗಿದ ಮೇಲಿನ ನಾಕೌಟ್ ಪಂದ್ಯ), ಆಮೇಲೆ ಪೆನಾಲ್ಟಿಯಲ್ಲಿ 9-8ರ ಸೆಮಿಫೈನಲ್, ಕೊನೆಗೆ ಗೋವಾದಲ್ಲಿ ಫೈನಲ್. ಅದರಲ್ಲೂ ಸೋತಿದ್ದು ಪೆನಾಲ್ಟಿಯಲ್ಲಿ. ನವೆಂಬರ್‌ನಲ್ಲಿ ಬರುವುದು ನಿಲ್ಲಿಸಿದವರು ಇಷ್ಟನ್ನೂ ಟಿವಿಯಲ್ಲಿ ನೋಡಿದರು.

ನಾನು ಮಾಡುವುದು ಇಷ್ಟು. ಸೋತ ಪಂದ್ಯದ ಅಂಕಪಟ್ಟಿ ಆ ರಾತ್ರಿ ತೆಗೆಯುವುದಿಲ್ಲ. ಆಟ ಹೇಗಿತ್ತು ಅಂತ ಯೋಚಿಸುತ್ತೇನೆ. ಗೋಲಿನ ಮುಂದೆ ಅವಕಾಶ ಬರುತ್ತಿತ್ತಾ, ಇಲ್ಲವಾ? 0-1ರ ಸೋಲುಗಳಿಗೂ 0-4ರ ಸೋಲಿಗೂ ವ್ಯತ್ಯಾಸ ಇದೆ ಅಲ್ವಾ? ಈ ಸಲದ ಮೊದಲ ಎರಡು ಪಂದ್ಯ ಛೆಟ್ರಿ ಇರಲೇ ಇಲ್ಲ, ಏಷ್ಯನ್ ಗೇಮ್ಸ್‌ಗೆ ಹಾಂಗ್‌ಝೌಗೆ ಹೋಗಿದ್ದರು. ರಾಯ್ ಕೃಷ್ಣ, ಜಿಂಗನ್, ಉದಾಂತ, ಪ್ರಬೀರ್ ಎಲ್ಲರೂ ಬೇರೆ ಕ್ಲಬ್‌ಗಳಿಗೆ ಹೋದರು. ಅಷ್ಟು ಜನ ಹೋದ ಮೇಲೆ ಹೊಸ ತಂಡ ಕಟ್ಟಲು ಸಮಯ ಬೇಕು. ಇನ್ನೂ ಅರ್ಧಕ್ಕಿಂತ ಜಾಸ್ತಿ ಪಂದ್ಯ ಬಾಕಿ ಇದೆ, ಮೇಲಿನ 6 ತಂಡಕ್ಕೂ ಪ್ಲೇಆಫ್‌ಗೆ ಹೋಗುವ ಅವಕಾಶ ಇದೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಿಂದ, ಊರು ದಾವಣಗೆರೆ

ಜಯನಗರದವರ ಮಾತನ್ನು ಅರ್ಧ ಒಪ್ಪುತ್ತೇನೆ. ಇಲ್ಲಿ 2021-22ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಮೊದಲ 14 ಪಂದ್ಯಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಡಿಸೆಂಬರ್ 4ರಂದು ಬರ್ನ್ಲಿ ಮೇಲೆ 1-0, ಅದೇ ಮೊದಲ ಗೆಲುವು. ಆ ಶನಿವಾರ ಈ ಊರಿನ ಬಸ್ಸುಗಳಲ್ಲಿ ಜನ ಹಾಡಿದ್ದನ್ನು ನೋಡಬೇಕಿತ್ತು. ಕೊನೆಗೆ ತಂಡ 11ನೇ ಸ್ಥಾನದಲ್ಲಿ ನಿಂತಿತು.

ಆದರೆ ಅದು ಸುಮ್ನೆ ಕಾದಿದ್ದಕ್ಕೆ ಆಗಿದ್ದಲ್ಲ. ಅಕ್ಟೋಬರ್‌ನಲ್ಲಿ ಕ್ಲಬ್ಬಿನ ಮಾಲೀಕರು ಬದಲಾದರು, ಕೋಚ್ ಸ್ಟೀವ್ ಬ್ರೂಸ್ ಹೋಗಿ ಎಡ್ಡಿ ಹೌ ಬಂದರು. ಜನವರಿಯಲ್ಲಿ ದೊಡ್ಡ ಹಣ ಕೊಟ್ಟು ಟ್ರಿಪಿಯರ್, ಬ್ರೂನೊ ಗಿಮರೇಶ್ ಅವರನ್ನು ತಂದರು. ಆದ್ದರಿಂದ ಎಲ್ಲ ಕೆಟ್ಟ ಆರಂಭವೂ ತಾನಾಗಿ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಜನವರಿಯಲ್ಲಿ ಕ್ಲಬ್ ಏನು ಮಾಡುತ್ತದೆ ನೋಡಿ. ಏನೂ ಮಾಡದಿದ್ದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ, ಬ್ಯಾನರ್ ಹಿಡಿದು ಗಟ್ಟಿಯಾಗಿ ಕೇಳಿ. ಇಲ್ಲಿನವರು ವರ್ಷಗಟ್ಟಲೆ ಹಳೇ ಮಾಲೀಕರ ವಿರುದ್ಧ ಕೂಗಿದರು, ಆದರೆ ಶನಿವಾರ ಆಟಗಾರರಿಗೆ ಹಾಡುವುದನ್ನು ನಿಲ್ಲಿಸಲಿಲ್ಲ.

ಆಸ್ಟಿನ್ ಟೌನ್‌ನಿಂದ

ಮಕ್ಕಳೇ, ನಾವು ಸಂತೋಷ್ ಟ್ರೋಫಿಗೆ, ಅಂದರೆ ರಾಜ್ಯ ತಂಡಗಳ ಫುಟ್‌ಬಾಲ್ ಕಪ್‌ಗೆ, 54 ವರ್ಷ ಕಾದವರು. ಮೈಸೂರು ರಾಜ್ಯ ಅಂತ ಇದ್ದಾಗ 1968-69ರಲ್ಲಿ ಗೆದ್ದಿದ್ದೆವು. ಆಮೇಲೆ ಗೆದ್ದಿದ್ದು ಈ ವರ್ಷ ಮಾರ್ಚ್ 4ಕ್ಕೆ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ಛೆಟ್ರಿ ಬ್ಲಾಸ್ಟರ್ಸ್ ಮೇಲೆ ಆ ಫ್ರೀಕಿಕ್ ಹೊಡೆದ ಮರುದಿನ! ನಮ್ಮ ಬೀದಿಯಲ್ಲಿ ಎರಡು ದಿನ ಹಬ್ಬ. ಅಷ್ಟು ವರ್ಷ ಗೆಲುವು ಇಲ್ಲ ಅಂತ ಇಲ್ಲಿ ಯಾರೂ ಚೆಂಡು ಒದೆಯುವುದು ಬಿಡಲಿಲ್ಲ, ನೋಡುವುದೂ ಬಿಡಲಿಲ್ಲ.

ಒಂದು ಮಾತು ಹೇಳುತ್ತೇನೆ ಮಗ. ಆಟಗಾರನಿಗೆ, ಅವನ ಮನೆಯವರಿಗೆ ಕೆಟ್ಟ ಮಾತು ಬೇಡ. ಇಪ್ಪತ್ತು ವರ್ಷದ ಹುಡುಗರು ಅವರು, ಫೋನ್ ತೆಗೆದರೆ ಎಲ್ಲ ಅವರ ಕಣ್ಣಿಗೆ ಬೀಳುತ್ತದೆ.

ರಾಜಾಜಿನಗರದಿಂದ

ನಿಮ್ಮ ಮಗಳ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ ಅಣ್ಣ. ನನ್ನ ಮಗನಿಗೂ ಇದೇ ಆಗಿತ್ತು. ಅವನ ಕ್ಲಾಸಲ್ಲಿ ಎಲ್ಲರೂ ಮ್ಯಾಂಚೆಸ್ಟರ್ ಸಿಟಿ, ರಿಯಲ್ ಮ್ಯಾಡ್ರಿಡ್. ಬಿಎಫ್‌ಸಿ ಅಂದರೆ ನಗು. ಜೆರ್ಸಿ ಹಾಕು ಅಂತ ನಾನು ಬಲವಂತ ಮಾಡಲಿಲ್ಲ. ಸ್ಟೇಡಿಯಂಗೆ ಹೋದಾಗ, ಇವತ್ತು ನೀನು ಗುರ್‌ಪ್ರೀತ್ ಒಬ್ಬರನ್ನೇ ನೋಡು, ಚೆಂಡು ಆ ಕಡೆ ಇದ್ದಾಗ ಗೋಲ್‌ಕೀಪರ್ ಏನು ಮಾಡುತ್ತಾರೆ ಅಂತ ನನಗೆ ಹೇಳು ಅಂದೆ. ಪಂದ್ಯ ಸೋತಿತ್ತು. ಆದರೂ ಮನೆವರೆಗೆ ಮೆಟ್ರೋದಲ್ಲಿ ಅವನದೇ ಮಾತು. ಈಗ ಶಾಲೆಯಲ್ಲಿ ಗೋಲ್‌ಕೀಪರ್ ಆಗಿ ಆಡುತ್ತಾನೆ.

ಇನ್ನೊಂದು. ಕೋವಿಡ್‌ನಿಂದ ಎರಡು ಸೀಸನ್ ಎಲ್ಲ ಪಂದ್ಯವೂ ಗೋವಾದಲ್ಲೇ ನಡೆಯಿತು, ಕಂಠೀರವದ ಗೇಟು ನಮಗೆ ತೆರೆಯಲೇ ಇಲ್ಲ. ಆಗ ಸೋಲುವ ಪಂದ್ಯವಾದರೂ ಪರವಾಗಿಲ್ಲ, ಒಳಗೆ ಬಿಟ್ಟರೆ ಸಾಕು ಅನಿಸುತ್ತಿತ್ತು. ನಿಮಗೆ ನಿದ್ದೆ ಕೆಡುತ್ತಿದ್ದರೆ ಹೊರಗಿನ ಊರಿನ ಪಂದ್ಯಗಳನ್ನು ಬಿಡಿ, ಟಿವಿ ಹಾಕಬೇಡಿ. ಒಬ್ಬರೇ ರಾತ್ರಿ ಹತ್ತು ಗಂಟೆಗೆ ಸೋಫಾದಲ್ಲಿ ಕೂತು ನೋಡಿದ ಸೋಲು ಜಾಸ್ತಿ ಕಾಡುತ್ತದೆ. ಇಲ್ಲಿನ ಪಂದ್ಯಕ್ಕೆ ಮಾತ್ರ ಬನ್ನಿ. ಮಗಳು ಬರುತ್ತೇನೆ ಅಂದರೆ ಕರೆದುಕೊಂಡು ಬನ್ನಿ, ಬಿಎಫ್‌ಸಿ ಅಭಿಮಾನಿಗಳು ಹಾಡುವ ವೆಸ್ಟ್ ಬ್ಲಾಕ್ ಪಕ್ಕದಲ್ಲಿ ಕೂರೋಣ. ನನ್ನ ಮಗನೂ ಇರುತ್ತಾನೆ, ಅವಳ ಜೊತೆ ಮಾತಾಡುವುದಕ್ಕೆ ಒಬ್ಬ ಸಿಕ್ಕಹಾಗೆ ಆಗುತ್ತದೆ.