ಬೆಂಚ್ ಪ್ರೆಸ್ ಮಾಡುವಾಗ ಬಲ ಭುಜ ಚುಚ್ಚುತ್ತದೆ, ಪುಲ್‌ಡೌನ್ ಮಾಡಿದರೂ ಕಡಿಮೆ ಆಗಿಲ್ಲ

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)
ನಮಸ್ಕಾರ್ರೀ. ವಾರಕ್ಕೆ ಎರಡು ಸಲ ಬೆಂಚ್ ಪ್ರೆಸ್, ಒಂದು ಸಲ ಶೋಲ್ಡರ್ ಪ್ರೆಸ್ ಮಾಡುತ್ತೇನೆ. ಬೆಳಿಗ್ಗೆ ಮನೆಯಲ್ಲಿ ದಂಡ ಬೇರೆ. ಬಾರ್ ಎದೆಗೆ ಇಳಿಯುವಾಗ ಬಲ ಭುಜದ ಮುಂದೆ ಚುಚ್ಚುತ್ತದೆ. ಲ್ಯಾಟ್ ಪುಲ್‌ಡೌನ್ (ಕೂತು ಮೇಲಿನ ಬಾರನ್ನು ಎದೆಯ ಕಡೆಗೆ ಎಳೆಯುವುದು) ಒಂದು ವಾರವೂ ತಪ್ಪಿಸಿಲ್ಲ. ಆದರೂ ಹೀಗ್ಯಾಕೆ?

ಉತ್ತರ (ಧಾರವಾಡ)
ನೋವಿನ ಕಾರಣ ಇಲ್ಲಿಂದಲೇ ಹೇಳೋಕಾಗಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಬೆಂಚ್, ಶೋಲ್ಡರ್ ಪ್ರೆಸ್, ದಂಡ ಮೂರೂ ತಳ್ಳುವ ಕೆಲಸವೇ. ಪುಲ್‌ಡೌನ್ ಎಳೆಯುವ ವ್ಯಾಯಾಮ ನಿಜ. ಆದರೆ ಅದರಲ್ಲಿ ದುಡಿಯುವ ಲ್ಯಾಟ್, ಅಂದರೆ ಬೆನ್ನಿನ ಅಗಲ ಸ್ನಾಯುವೂ ಎದೆಯ ಸ್ನಾಯುವಿನ ಹಾಗೆ ತೋಳನ್ನು ಒಳಕ್ಕೇ ತಿರುಗಿಸುತ್ತದೆ. ಹೊರಕ್ಕೆ ತಿರುಗಿಸುವುದು ಭುಜದ ಹಲಗೆಯ ಹಿಂದಿನ ಇನ್‌ಫ್ರಾಸ್ಪೈನೇಟಸ್, ಟೀರಿಸ್ ಮೈನರ್ ಮತ್ತು ಡೆಲ್ಟಾಯ್ಡ್‌ನ ಹಿಂಭಾಗ. ಇವುಗಳಿಗೆ ನೀವು ಕೆಲಸವನ್ನೇ ಕೊಟ್ಟಿಲ್ಲ ಅಲ್ವಾ?

ಪ್ರತಿ ಬೆಂಚ್ ಸೆಟ್‌ಗೆ ಕನಿಷ್ಠ ಒಂದು ರೋಯಿಂಗ್ ಸೆಟ್ (ಭಾರವನ್ನು ಮೈ ಕಡೆಗೆ ಎಳೆಯುವುದು) ಇರಲಿ. ಕೇಬಲ್ ಇದ್ದರೆ ಫೇಸ್ ಪುಲ್ (ಹಗ್ಗವನ್ನು ಮುಖದ ಕಡೆಗೆ ಎಳೆಯುವುದು) ಸೇರಿಸಿ.

ಇದನ್ನಂತೂ ಬಿಡಬೇಡಿ: ಎಡ ಮಗ್ಗುಲಿಗೆ ಮಲಗಿ. ಬಲ ಮೊಣಕೈ 90 ಡಿಗ್ರಿ ಮಡಚಿ, ಅದಕ್ಕೂ ಪಕ್ಕೆಗೂ ನಡುವೆ ಸುತ್ತಿದ ಟವೆಲ್ ಇಡಿ. 1 ಕೆಜಿ ಡಂಬಲ್ ಹಿಡಿದು ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಮೇಲಕ್ಕೆ ತಿರುಗಿಸಿ, ನಿಧಾನ ಇಳಿಸಿ. 12ರಿಂದ 15 ಸಲ. ಟವೆಲ್ ಜಾರಿ ಬಿದ್ದರೆ ಭಾರ ಜಾಸ್ತಿ ಆಗಿದೆ ಅಂತಲೇ ಅರ್ಥ. ಇಷ್ಟು ಸಣ್ಣ ತೂಕಕ್ಕೆ ನಾಚಿಕೊಳ್ಳಬೇಡಿ, ಅವು ಸಣ್ಣ ಸ್ನಾಯುಗಳು.

ಬೆಂಚ್ ಮೇಲೆ ಭುಜದ ಹಲಗೆಗಳನ್ನು ಹಿಂದಕ್ಕೆ ಬಿಗಿಹಿಡಿಯಿರಿ. ಮೊಣಕೈ ಪೂರ್ತಿ ಅಗಲಿಸದೆ ಪಕ್ಕೆಯಿಂದ ಸುಮಾರು 45 ಡಿಗ್ರಿಯಲ್ಲಿಡಿ. ಚುಚ್ಚದಷ್ಟು ತೂಕಕ್ಕೆ ಇಳಿಯಿರಿ.

ಪ್ರಶ್ನೆ
ಹಾಗಾದರೆ ದಂಡ ಬಿಡಬೇಕಾ?

ಉತ್ತರ (ಹಾವೇರಿ)
ಬಿಡಬೇಡ್ರಿ, ನೋವು ತಗ್ಗುವ ತನಕ ಕಡಿಮೆ ಮಾಡಿ ಸಾಕು. ನಮ್ಮ ಕಡೆ ಗರಡಿ ಮನೆಯಲ್ಲಿ ದಂಡ ಒಂದೇ ಹೊಡೆಯುವುದಿಲ್ಲ. ಗದೆ ತಿರುಗಿಸುತ್ತಾರೆ, ಮಣ್ಣು ಅಗೆಯುತ್ತಾರೆ, ಕುಸ್ತಿಯ ಜೊತೆಗಾರನನ್ನು ಹಿಡಿದು ಎಳೆಯುತ್ತಾರೆ. ತೋಳು ಎಲ್ಲಾ ದಿಕ್ಕಿಗೂ ದುಡಿಯುತ್ತದೆ. ನಾವು ಅದರಿಂದ ದಂಡವನ್ನಷ್ಟೇ ಮನೆಗೆ ತಂದುಕೊಂಡಿದ್ದೇವೆ.

ಉತ್ತರ (ಧಾರವಾಡ)
ಒಪ್ಪಿದೆ. ಎಡ-ಬಲ ಹೋಲಿಸೋಕೆ ಒಂದೊಂದೇ ಕೈಯಿಂದ ಡಂಬಲ್ ರೋ ಮಾಡಿ. ಸೋತ ಕೈಯಿಂದ ಶುರು ಮಾಡಿ, ಗಟ್ಟಿ ಕೈಗೂ ಅಷ್ಟೇ ಸಲ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿದ್ದರೆ, ಕೈ ಎತ್ತಲು ಬಲವಿಲ್ಲದಿದ್ದರೆ, ಬೆರಳು ಜುಮ್ಮೆಂದರೆ ವ್ಯಾಯಾಮ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ.