ದೊಡ್ಡಪ್ಪನ ಟ್ರಂಕಿನಲ್ಲಿ 356 ಕಾಮಿಕ್ಸ್, ಚಂದಮಾಮ. ಬೆಲೆ ಕಟ್ಟುವುದು ಹೇಗೆ?

ಸಾಗರದ ಪುಟ್ಟಿ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮದುವೆ ಆಗಿರಲಿಲ್ಲ. ಸಾಗರ–ಬೆಂಗಳೂರು ರಾತ್ರಿ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರ್ ಆಗಿದ್ದರು. ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು ಕಾಫಿ ಕುಡಿದು, ಫುಟ್‌ಪಾತಿನ ಪುಸ್ತಕ ನೋಡದೆ ವಾಪಸ್ ಬಂದವರೇ ಅಲ್ಲ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಅವರ ತೊಡೆಯ ಮೇಲೆ ಕೂತು, ಫ್ಯಾಂಟಮ್ ಓದಿಕೊಂಡು.

ಅವರ ಎರಡು ಕಬ್ಬಿಣದ ಟ್ರಂಕ್ ಈಗ ನನ್ನ ಹತ್ತಿರ ಇವೆ. "ಪುಟ್ಟಿಗೆ ಕೊಡಿ" ಎಂದು ಅಮ್ಮನಿಗೆ ಹೇಳಿದ್ದರಂತೆ. ಎಣಿಸಿ ನೋಡಿದೆ. ಫ್ಯಾಂಟಮ್ ಕಥೆ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸ್ 148. ಅದರಲ್ಲಿ 61 ಕನ್ನಡದವು, ಉಳಿದದ್ದು ಇಂಗ್ಲಿಷ್. ಅಮರ ಚಿತ್ರಕಥೆ 112, ಜಾಸ್ತಿ ಕನ್ನಡದ್ದೇ. ಚಂದಮಾಮ 96. ಅಮರ ಚಿತ್ರಕಥೆಯಲ್ಲಿ 40ನ್ನು ಹತ್ತು ಹತ್ತರಂತೆ ಕ್ಯಾಲಿಕೋ ಬೈಂಡ್ ಮಾಡಿಸಿದ್ದಾರೆ.

ಶಿವಮೊಗ್ಗದಲ್ಲಿ ನಮ್ಮದು ಬಾಡಿಗೆ ಮನೆ. ಗೋಡೆಗೆ ತೇವ ಬರುತ್ತದೆ. ಈ ಸಲ ಟ್ರಂಕ್ ತೆಗೆದಾಗ ಪುಸ್ತಕದ ಸಂದಿಯಲ್ಲಿ ಬೆಳ್ಳಗಿನ ಹುಳ ಓಡಿದವು. ಇಟ್ಟುಕೊಂಡರೆ ನನ್ನ ಕಣ್ಣೆದುರೇ ಹಾಳಾಗುತ್ತವೆ ಎನ್ನುವ ಭಯಕ್ಕೆ ಮಾರಲು ಹೊರಟಿದ್ದೇನೆ. ಹಳೇ ಪುಸ್ತಕ ಕೊಳ್ಳುವವರೊಬ್ಬರು ಮನೆಗೆ ಬಂದಿದ್ದರು. ಅರ್ಧ ಗಂಟೆ ಕೂತು ಸುಮಾರು 30 ಪುಸ್ತಕ ಬೇರೆ ತೆಗೆದಿಟ್ಟರು. ಆಮೇಲೆ "ಎಲ್ಲಾ ಸೇರಿ ನಾಲ್ಕು ಸಾವಿರ, ಈಗಲೇ ಕೊಡುತ್ತೇನೆ" ಎಂದರು. ಮನಸ್ಸು ಒಪ್ಪಲಿಲ್ಲ, ಕಳಿಸಿಬಿಟ್ಟೆ. ನ್ಯಾಯವಾದ ಬೆಲೆ ಎಷ್ಟಿರಬಹುದು?

ಇನ್ನೊಂದು ವಿಷಯ. ಪ್ರತಿ ಪುಸ್ತಕದ ಕೊನೇ ಪುಟದಲ್ಲಿ ದೊಡ್ಡಪ್ಪ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದಾರೆ. ಕೆಲವದರಲ್ಲಿ "ತಿಪಟೂರಲ್ಲಿ ಟೈರ್ ಪಂಕ್ಚರ್, ಎರಡು ಗಂಟೆ ಲೇಟು" ಎಂಬಂಥ ಸಾಲೂ ಇದೆ. ಅದನ್ನು ಅಳಿಸಬೇಕಾ?

ತೀರ್ಥಹಳ್ಳಿ ಮಳೆ:

ಅಕ್ಕಾ, ದಯವಿಟ್ಟು ಅಳಿಸಬೇಡಿ. ರಬ್ಬರ್ ತಿಕ್ಕಿದರೆ ಆ ಹಳೇ ಕಾಗದ ಎದ್ದು ಬರುತ್ತದೆ. ಮೊದಲು ಪುಸ್ತಕ ಉಳಿಸಿಕೊಳ್ಳಿ, ಬೆಲೆ ಆಮೇಲೆ. ಟ್ರಂಕನ್ನು ನೆಲದಿಂದ ಎತ್ತಿ ಹಲಗೆ ಮೇಲಿಡಿ, ಗೋಡೆಗೆ ತಾಗಿಸಬೇಡಿ. ಬಿಸಿಲಿಗೆ ಹರಡಬೇಡಿ, ಬಣ್ಣ ಹೋಗುತ್ತದೆ. ನೆರಳಲ್ಲಿ ಫ್ಯಾನ್ ಕೆಳಗೆ ಒಂದು ದಿನ ಇಟ್ಟು, ಮೆತ್ತನೆ ಬ್ರಷ್‌ನಲ್ಲಿ ಒಂದೊಂದೇ ಕೊಡವಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನುಸಿಗುಳಿಗೆ ಬೇಡ. ಆ ವಾಸನೆ ಕಾಗದಕ್ಕೆ ಹಿಡಿದರೆ ಬಿಡುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಅಂತೂ ಹಚ್ಚಲೇಬೇಡಿ. ನನ್ನ ಅಪ್ಪನ ಚಂದಮಾಮಗಳಿಗೆ ನಾನೇ ಹಚ್ಚಿದ್ದೆ. ಈಗ ಟೇಪ್ ಉದುರಿದೆ, ಹಳದಿ ಕಲೆ ಉಳಿದಿದೆ.

ಅವೆನ್ಯೂ ರೋಡ್ ಅಲೆಮಾರಿ:

ಮೇಡಂ, ಅವರು ತೆಗೆದಿಟ್ಟ 30 ಯಾವುದು ಅಂತ ನೆನಪಿದೆಯಾ? ಇದ್ದರೆ ಅವನ್ನು ಬೇರೆ ಕಟ್ಟಿಡಿ. ನಿಮ್ಮ ಸಂಗ್ರಹದ ಬೆಲೆ ಜಾಸ್ತಿ ಅಲ್ಲೇ ಇದೆ.

ನಾನು ಇಪ್ಪತ್ತು ವರ್ಷದಿಂದ ಇಂದ್ರಜಾಲ ಕೂಡಿಡುತ್ತಿದ್ದೇನೆ. ಅದು ಶುರುವಾದದ್ದು 1964ರ ಮಾರ್ಚ್‌ನಲ್ಲಿ, ನಿಂತದ್ದು 1990ರಲ್ಲಿ. ಇಂಗ್ಲಿಷ್ ಪ್ರತಿಗಳಲ್ಲಿ ನಂಬರ್ 443ರ ತನಕ ಸಾಲಾಗಿ ಹೋಗುತ್ತದೆ, ಆಮೇಲೆ ಸಂಪುಟ 20, ಸಂಚಿಕೆ 1 ಅಂತ ಬದಲಾಗುತ್ತದೆ. ಮೊದಲ ನೂರರೊಳಗಿನವನ್ನು ಯಾರಿಗೂ ಗಂಟಿನಲ್ಲಿ ಕೊಡಬೇಡಿ, ಒಂದೊಂದೇ ಮಾರಿ. 80ರ ದಶಕದವು ಸುಲಭವಾಗಿ ಸಿಗುತ್ತವೆ. ಅಂಥದ್ದಕ್ಕೆ ನಾನು ಕೊಡುವುದು ನೂರು, ನೂರೈವತ್ತು. ಆದರೆ ಕನ್ನಡದ ಪ್ರತಿ ಬೇರೆ ಮಾತು. ಇಷ್ಟು ವರ್ಷ ಅಲೆದರೂ ನನ್ನ ಹತ್ತಿರ ಹದಿನೇಳೇ ಇವೆ. ಮೂಲೆ ಹರಿದ ಒಂದಕ್ಕೆ ಹೋದ ವರ್ಷ 600 ರೂಪಾಯಿ ಕೊಟ್ಟೆ, ಸಂತೋಷದಿಂದ ಕೊಟ್ಟೆ. ನಿಮ್ಮ ಹತ್ತಿರ 61 ಇವೆ ಅಂದಾಗ ಎದ್ದು ಕೂತೆ.

ಪ್ರತಿಯೊಂದನ್ನೂ ಪುಟ ಎಣಿಸಿ ನೋಡಿ. ನಡುವಿನ ಹಾಳೆ ಪಿನ್ ಬಿಟ್ಟು ಬಿದ್ದು ಹೋಗಿರುತ್ತದೆ. ಹಿಂದೆ ಮಕ್ಕಳು ಕೂಪನ್ ಕತ್ತರಿಸಿರುತ್ತಾರೆ, ಪದಬಂಧ ತುಂಬಿರುತ್ತಾರೆ. ಪಿನ್ ತುಕ್ಕು ಹಿಡಿದಿದ್ದರೆ ಕೀಳಲು ಹೋಗಬೇಡಿ, ಹಾಗೇ ಇರಲಿ. ಇದ್ದ ದೋಷ ಇದ್ದ ಹಾಗೆ ಬರೆದು ಮಾರಿದರೆ ಕೊಂಡವರು ಮತ್ತೆ ಬರುತ್ತಾರೆ.

ಅಮರ ಚಿತ್ರಕಥೆಯಲ್ಲಿ ಎಚ್ಚರ ಬೇಕು. ಒಂದೇ ಪುಸ್ತಕ ಎಷ್ಟೋ ಸಲ ಮರುಮುದ್ರಣ ಆಗಿದೆ. ಕಥೆ ಹಳೆಯದಾದರೆ ಪ್ರತಿಯೂ ಹಳೆಯದು ಅಂತಲ್ಲ. ಅಚ್ಚಾದ ಬೆಲೆ ನೋಡಿ. ಹಿಂದಿನ ರಕ್ಷಾಪುಟದಲ್ಲಿ ಬೇರೆ ಪುಸ್ತಕಗಳ ಪಟ್ಟಿ ಇದ್ದರೆ ಅದನ್ನೂ ನೋಡಿ. ಆಮೇಲೆ ಬಂದ ಹೆಸರುಗಳು ಅದರಲ್ಲಿದ್ದರೆ ಅದು ಮರುಮುದ್ರಣ. ಇನ್ನೊಂದು, ಇದು ನಮ್ಮವರಿಗೇ ಗೊತ್ತಿಲ್ಲ. ಇಂಗ್ಲಿಷ್ ಅಮರ ಚಿತ್ರಕಥೆ ಶುರುವಾಗುವುದು 11ನೇ ನಂಬರಿನ 'ಕೃಷ್ಣ'ದಿಂದ. ಯಾಕೆ ಅಂದರೆ ಮೊದಲ ಹತ್ತು ಬಂದದ್ದು ಕನ್ನಡದಲ್ಲಿ, 1965ರ ಹೊತ್ತಿಗೆ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಅವು ಪುರಾಣದ ಕಥೆಗಳಲ್ಲ, ಸಿಂಡ್ರೆಲಾ ತರಹದ ಹೊರದೇಶದ ಕಥೆಗಳು. ಅದಕ್ಕೇ ಜನ "ಇದೇನೋ ಮಕ್ಕಳದ್ದು" ಅಂತ ರದ್ದಿಗೆ ಹಾಕಿದ್ದಾರೆ. ನಿಮ್ಮ ಟ್ರಂಕಿನಲ್ಲಿ ಅಂಥದ್ದೊಂದು ಇದ್ದರೆ ಮೊದಲು ಇಲ್ಲಿ ಹೇಳಿ.

ಬೈಂಡ್ ಬಿಚ್ಚಬೇಡಿ. ಬೈಂಡರ್ ಅಂಚು ಕತ್ತರಿಸಿರುತ್ತಾನೆ, ಹಾಗಾಗಿ ಬೆಲೆ ಇಳಿಯುತ್ತದೆ. ಬಿಚ್ಚಿದರೆ ಇನ್ನೂ ಇಳಿಯುತ್ತದೆ. ಓದುವ ಮಕ್ಕಳಿರುವ ಮನೆಯವರು ಅದನ್ನೇ ಇಷ್ಟಪಟ್ಟು ಕೊಳ್ಳುತ್ತಾರೆ. ಚಂದಮಾಮ ಕನ್ನಡದಲ್ಲಿ 1949ರ ಜುಲೈನಿಂದ ಬಂತು. ಬಿಡಿ ಸಂಚಿಕೆಗಿಂತ ಜನವರಿಯಿಂದ ಡಿಸೆಂಬರ್ ತನಕ 12 ಕೂಡಿದರೆ ಕೇಳುವವರು ಜಾಸ್ತಿ.

ನೆಟ್‌ನಲ್ಲಿ ಜನ ಕೇಳುವ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಐದು ಸಾವಿರ ಅಂತ ಹಾಕಿದ್ದು ಮೂರು ವರ್ಷದಿಂದ ಅಲ್ಲೇ ಇರುತ್ತದೆ. ಮಾರಿಹೋದ ಬೆಲೆ ಮಾತ್ರ ಬೆಲೆ. ಅಂಗಡಿಯವರು ಮತ್ತೆ ಮಾರಬೇಕಲ್ವಾ, ಅರ್ಧಕ್ಕಿಂತ ಕಡಿಮೆ ಕೊಟ್ಟರೆ ಅದು ಮೋಸ ಅಲ್ಲ. ಆದರೆ ಒಳ್ಳೆಯದನ್ನು ಆರಿಸಿಕೊಂಡು ರದ್ದಿ ರೇಟು ಹೇಳುವುದು ಮೋಸ.

ದಾವಣಗೆರೆ ಪೋಸ್ಟ್:

ಅಂಚೆಯಲ್ಲಿ ಕಳಿಸುವುದಾದರೆ ಎರಡು ರಟ್ಟಿನ ನಡುವೆ ಇಟ್ಟು ಪ್ಲಾಸ್ಟಿಕ್ ಸುತ್ತಿ, ಸ್ಪೀಡ್ ಪೋಸ್ಟ್ ಮಾಡಿ. ದುಡ್ಡು ಖಾತೆಗೆ ಬಂದ ಮೇಲೇ ಕಳಿಸಿ. ದುಡ್ಡು ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದರೆ ಫೋನ್ ಇಟ್ಟುಬಿಡಿ. ದುಡ್ಡು ಪಡೆಯಲು ಪಿನ್ ಬೇಡ. ಮತ್ತೆ, ದೊಡ್ಡಪ್ಪ ಬರೆದು ಕೊಟ್ಟಿಲ್ಲ, ಬಾಯಲ್ಲಿ ಹೇಳಿದ್ದು ಅಷ್ಟೇ. ಮಾರುವ ಮೊದಲು ಮನೆಯವರೆಲ್ಲರ ಒಪ್ಪಿಗೆ ಕೇಳಿಬಿಡಿ.

ಸಾಗರದ ಪುಟ್ಟಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಭಾನುವಾರ ಕೂತು ಎಲ್ಲಾ ನೋಟ್‌ಬುಕ್ಕಿನಲ್ಲಿ ಬರೆದೆ. ಅಮರ ಚಿತ್ರಕಥೆಯ ಆ ಮೊದಲ ಹತ್ತರಲ್ಲಿ ಒಂದೂ ಇಲ್ಲ. ಇಂಗ್ಲಿಷ್ ಇಂದ್ರಜಾಲದಲ್ಲಿ ನೂರರೊಳಗಿನವು 9 ಸಿಕ್ಕಿವೆ, ಎರಡಕ್ಕೆ ರಕ್ಷಾಪುಟ ಇಲ್ಲ. ಚಂದಮಾಮ 1978 ಮತ್ತು 1981 ಪೂರ್ತಿ ವರ್ಷ ಇವೆ. ಅಪ್ಪ, ಅತ್ತೆ ಇಬ್ಬರೂ ಒಪ್ಪಿದ್ದಾರೆ. ಅತ್ತೆ ಮಾತ್ರ ಒಂದು ಬೈಂಡ್ ಕೇಳಿದರು, ಕೊಟ್ಟೆ.

ಇಂಗ್ಲಿಷ್ ಇಂದ್ರಜಾಲ, ಉಳಿದ ಬೈಂಡ್, ಚಂದಮಾಮ ಮಾರುತ್ತೇನೆ. ಅಲೆಮಾರಿ ಸರ್, ಕನ್ನಡದವುಗಳಲ್ಲಿ ನಿಮ್ಮಲ್ಲಿ ಇಲ್ಲದ ನಂಬರ್ ಹೇಳಿ, ಮೊದಲು ನಿಮಗೇ ತೋರಿಸುತ್ತೇನೆ. ಕೊನೇ ಪುಟದ ಫೋಟೋ ಎಲ್ಲಾ ತೆಗೆದಿಟ್ಟುಕೊಂಡಿದ್ದೇನೆ. ಒಂದನ್ನು ಮಾತ್ರ ಕೊಡುವುದಿಲ್ಲ. ಅದರ ಹಿಂದೆ ಹೀಗೆ ಬರೆದಿದ್ದಾರೆ: "ಪುಟ್ಟಿ ಇವತ್ತು ಪೂರ್ತಿ ತಾನೇ ಓದಿದಳು."