ಚೋರ್ಲಿವುಡ್: ಹಳ್ಳಿಯೇ, ಲಂಡನ್ನಿನ ಬಡಾವಣೆಯೇ?

ಪ್ರಶ್ನೆ (ಇಂದ್ರಾಳಿ, ಉಡುಪಿ)

ನನ್ನ ಮಗಳು ಮತ್ತು ಅಳಿಯ ಲಂಡನ್ನಿನಲ್ಲಿ ಉದ್ಯೋಗದಲ್ಲಿದ್ದು, ಸದ್ಯದಲ್ಲೇ ಹರ್ಟ್‌ಫರ್ಡ್‌ಶೈರಿನ ಚೋರ್ಲಿವುಡ್ಡಿಗೆ ಮನೆ ಬದಲಿಸುವವರಿದ್ದಾರೆ. ಮಗಳು ಅದನ್ನು ಹಳ್ಳಿ ಎನ್ನುತ್ತಾಳೆ; ಲಂಡನ್ನಿನ ಮೆಟ್ರೊ ರೈಲು ಅಲ್ಲಿಯವರೆಗೂ ಹೋಗುತ್ತದೆಂದು ಹೇಳುವವಳೂ ಅವಳೇ. ಬೇಸಾಯದಿಂದ ಬದುಕದ ಊರು ಹಳ್ಳಿ ಹೇಗಾದೀತು? ನಮ್ಮಲ್ಲಿ ಪಡುಬಿದ್ರಿ, ಮೂಲ್ಕಿಗಳಿಂದ ದಿನವೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿಬರುವವರಿದ್ದಾರೆ, ಹೆದ್ದಾರಿ ಬದಿಯ ಗದ್ದೆಗಳೂ ಕನ್ವರ್ಷನ್ ಆಗಿ ಲೇಔಟುಗಳಾಗುತ್ತಿವೆ. ಲಂಡನ್ನಿಗೆ ಅಷ್ಟು ಸಮೀಪವಿದ್ದೂ ಆ ಊರು ಹಾಗಾಗದೆ ಉಳಿದದ್ದು ಹೇಗೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಕದ್ರಿ, ಮಂಗಳೂರು)

ಮಾನ್ಯರೆ, ಆ ಊರನ್ನು ಬೆಳೆಸಿದ್ದು ರೈಲು, ಬೆಳವಣಿಗೆಗೆ ತಡೆ ಹಾಕಿದ್ದು ಕಾನೂನು.

ರೈಲು ಬರುವ ಮೊದಲು ಅದು ರಿಕ್‌ಮನ್ಸ್‌ವರ್ತ್ ಪ್ಯಾರಿಷ್‌ಗೆ ಸೇರಿದ್ದ ಹೊಲಮನೆಗಳ ಪ್ರದೇಶ. ಪೆನ್ಸಿಲ್ವೇನಿಯದ ಸ್ಥಾಪಕ ವಿಲಿಯಂ ಪೆನ್ 1672ರಲ್ಲಿ ಮದುವೆಯಾದದ್ದು ಅಲ್ಲಿನ ಒಂದು ಹೊಲಮನೆಯಲ್ಲಿ. 1889ರಲ್ಲಿ ಮೆಟ್ರೊಪಾಲಿಟನ್ ರೈಲ್ವೆ ಅಲ್ಲಿ ನಿಲ್ದಾಣ ತೆರೆಯಿತು. ಬೇರೆ ರೈಲ್ವೆ ಕಂಪನಿಗಳು ಹಳಿ ಹಾಕಿ ಉಳಿದ ಜಮೀನನ್ನು ಮಾರಲೇಬೇಕಿತ್ತು. ಅದನ್ನು ಇಟ್ಟುಕೊಂಡು ಮನೆ ಕಟ್ಟಿಸುವ ವಿಶೇಷ ಅಧಿಕಾರ ಈ ಕಂಪನಿಗಿತ್ತು. ಹೀಗಾಗಿ 1915ರಿಂದ ತನ್ನ ಮಾರ್ಗದ ಊರುಗಳಿಗೆಲ್ಲ ‘ಮೆಟ್ರೊಲ್ಯಾಂಡ್’ ಎಂದು ಹೆಸರಿಟ್ಟು, ಹಸಿರಿನ ನಡುವೆ ಮನೆ, ಪೇಟೆಯಲ್ಲಿ ಉದ್ಯೋಗ ಎಂದು ಜಾಹೀರಾತು ನೀಡತೊಡಗಿತು. 1919ರಲ್ಲಿ ಮನೆ ಕಟ್ಟಿಸಲೆಂದೇ ಪ್ರತ್ಯೇಕ ಕಂಪನಿ ಹುಟ್ಟಿತು. ಟಿಕೆಟ್ ಮಾರುವವರೇ ಸೈಟನ್ನೂ ಮಾರಿದರು ಎನ್ನಿ.

ಹಾಗೆಂದು ಅಲ್ಲಿ ಕಟ್ಟಿದ್ದೆಲ್ಲ ಒಂದೇ ಅಚ್ಚಿನ ಮನೆಗಳಲ್ಲ. ವಾಸ್ತುಶಿಲ್ಪಿ ವಾಯ್ಸಿ 1899ರ ಸುಮಾರಿಗೆ ನಿಲ್ದಾಣದ ಸಮೀಪ ತನಗಾಗಿ ಕಟ್ಟಿಸಿಕೊಂಡ ‘ದಿ ಆರ್ಚರ್ಡ್’ ಎಂಬ ಮನೆ ಬಿಳಿಯ ಒರಟು ಗಾರೆ, ತಗ್ಗಿನ ಸೂರು, ಅಡ್ಡಡ್ಡ ಉದ್ದನೆಯ ಕಿಟಕಿಸಾಲುಗಳಿಂದ ಇಂದಿಗೂ ಹೆಸರುವಾಸಿಯಾಗಿದೆ.

ಇನ್ನು ತಡೆಯ ಮಾತು. 1938ರ ಗ್ರೀನ್ ಬೆಲ್ಟ್ ಕಾಯ್ದೆ ಲಂಡನ್ನಿನ ಸುತ್ತಲ ಜಮೀನನ್ನು ತೆರವಾಗಿ ಉಳಿಸಿಕೊಳ್ಳಲು ಸ್ಥಳೀಯ ಸಂಸ್ಥೆಗಳಿಗೆ ದಾರಿ ಮಾಡಿತು. 1947ರ ಯೋಜನಾ ಕಾಯ್ದೆಯ ನಂತರ ಸ್ವಂತ ಹೊಲದಲ್ಲಿ ಮನೆ ಕಟ್ಟುವುದಕ್ಕೂ ಅನುಮತಿ ಬೇಕಾಯಿತು. ಗ್ರೀನ್ ಬೆಲ್ಟಿನೊಳಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಊರಿನ ನಡುವೆಯೇ ಇರುವ ಸುಮಾರು 200 ಎಕರೆಯ ‘ಕಾಮನ್’ ಎಂಬ ಬಯಲಂತೂ ಯಾರ ಲೇಔಟಿಗೂ ಸಿಕ್ಕಲಿಲ್ಲ.

ಉತ್ತರ (ಮಣಿಪಾಲ)

ಆ ಊರಿನ ಹೆಸರು ಬ್ರೆಡ್ಡಿಗೂ ಅಂಟಿಕೊಂಡಿದೆ. 1961ರಲ್ಲಿ ಅಲ್ಲಿನ ಬೇಕರಿ ಸಂಶೋಧನಾ ಕೇಂದ್ರವು ಹಿಟ್ಟನ್ನು ಅತಿವೇಗದಲ್ಲಿ ನಾದಿ, ಹುದುಗುವ ಸಮಯವನ್ನು ತೀರ ಕಡಿಮೆ ಮಾಡುವ ವಿಧಾನವನ್ನು ರೂಪಿಸಿತು. ಪ್ರೋಟೀನ್ ಕಡಿಮೆಯಿರುವ ಇಂಗ್ಲೆಂಡಿನ ಗೋಧಿಯಿಂದಲೂ ಇದರಿಂದ ಮೆತ್ತನೆಯ ಬ್ರೆಡ್ ಮಾಡಲು ಸಾಧ್ಯವಾಯಿತು. ಬ್ರಿಟನ್ನಿನ ಬಹುಪಾಲು ಬ್ರೆಡ್ ಇಂದಿಗೂ ಅದೇ ವಿಧಾನದ್ದು. ರುಚಿಯ ವಿಷಯದಲ್ಲಿ ನನಗೆ ತಕರಾರಿದೆ, ಅದು ಬೇರೆ ಮಾತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕದ್ರಿಯ ರಾಯರೇ, ತಾವು ಹೇಳಿದ ‘ಕಾಮನ್’ ನಮ್ಮ ಕುಮ್ಕಿಯಂಥದ್ದೇ?

ಉತ್ತರ (ಕದ್ರಿ, ಮಂಗಳೂರು)

ಸ್ವಲ್ಪಮಟ್ಟಿಗೆ ಹೌದು. ಕುಮ್ಕಿಯೂ ಬೇರೆಯವರ, ಅಂದರೆ ಸರ್ಕಾರದ, ಜಮೀನಿನಲ್ಲಿ ಸೊಪ್ಪು, ಮೇವು ಪಡೆಯುವ ಸವಲತ್ತೇ. ಆದರೆ ಅದು ವರ್ಗದ, ಅಂದರೆ ಕಂದಾಯ ಕಟ್ಟುವ ಹಿಡುವಳಿಯ, ಜಮೀನಿಗೆ ಹೊಂದಿಕೊಂಡಿದ್ದು ಆ ವರ್ಗದಾರರಿಗೆ ಮಾತ್ರ ಸಲ್ಲುತ್ತದೆ. ಕಾಮನ್‌ನಲ್ಲಿ ದನ ಮೇಯಿಸುವ ಹಕ್ಕು ಹಲವು ಮನೆತನಗಳಿಗೆ ಒಟ್ಟಾಗಿ ಇದ್ದುದರಿಂದ, ಒಬ್ಬರು ಬೇಲಿ ಹಾಕಹೊರಟರೆ ಉಳಿದವರು ಬಿಡುತ್ತಿರಲಿಲ್ಲ. ಈಗ ಮೇಯಿಸುವವರಿಲ್ಲದೆ ಎಷ್ಟೋ ಭಾಗ ಕಾಡು ಬೆಳೆದಿದೆ; ಒಂದು ಪಾಲಿನಲ್ಲಿ ಗಾಲ್ಫ್ ಆಡುತ್ತಾರೆ.

ಉತ್ತರ (ಸುರತ್ಕಲ್)

ಆ ರೈಲುಮಾರ್ಗದಲ್ಲಿ ಕೆಲವು ವರ್ಷ ಓಡಾಡಿದವನಾಗಿ ಒಂದು ಮಾತು ಸೇರಿಸುತ್ತೇನೆ. ಹೊಸ ಮನೆಗಳಿಗೆ ಜಾಗ ಸಿಗದಿರುವುದರಿಂದ ಇರುವ ಮನೆಗಳ ಬೆಲೆ ವಿಪರೀತ ಏರಿದೆ. ಅಂಗಡಿಯಲ್ಲಿ, ಶಾಲೆಯಲ್ಲಿ ದುಡಿಯುವವರಿಗೆ ಅಲ್ಲಿ ಮನೆ ಕೈಗೆಟಕುವುದು ಕಷ್ಟ. ಕಾನೂನು ಊರಿನ ನೋಟವನ್ನು ಉಳಿಸಿತೇ ಹೊರತು ಊರವರನ್ನಲ್ಲ ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಹೇಳಿ: ಮೇರಿಲೆಬೋನ್‌ಗೆ ಹೋಗುವ ಚಿಲ್ಟರ್ನ್ ರೈಲುಗಳೂ ಅದೇ ನಿಲ್ದಾಣದಲ್ಲಿ ನಿಲ್ಲುತ್ತವೆ, ಮೆಟ್ರೊಗಿಂತ ಬೇಗ ತಲುಪಿಸುತ್ತವೆ. ಬಾಡಿಗೆ ಕರಾರಿಗೆ ಮೊದಲು ಮನೆಯಿಂದ ನಿಲ್ದಾಣಕ್ಕೆ ಒಮ್ಮೆ ನಡೆದು ನೋಡಲಿ. ಕಣಿವೆಯ ಊರಾದ್ದರಿಂದ ಏರುರಸ್ತೆ ಧಾರಾಳವಾಗಿದೆ.